ಕಾಡಿಗೆ ಹಗೆಯಿಲ್ಲ

ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಮಧುಗಿರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಅವರ ಶಾಲೆಯ ಪುಸ್ತಕದ ಬೀರುವಿನಲ್ಲಿ ಮಕ್ಕಳು ಮೊದಲು ಹುಡುಕುವುದು ಕಾಡಿನ ಸಾಹಸಕಥೆಗಳನ್ನು. ಒಂದು ರಾತ್ರಿ ಆ ಊರಿಗೆ ಚಿರತೆ ಬಂದು ಒಬ್ಬ ಬಾಲಕನ ಮನೆಯ ಮೂರು ಮೇಕೆಗಳನ್ನು ಕೊಂದಿತು. ಮರುದಿನ ಆ ಬಾಲಕ ತರಗತಿಯಲ್ಲಿ ಎದ್ದು ನಿಂತು, "ಮೋಗ್ಲಿ ಹುಲಿಯ ಚರ್ಮ ಸುಲಿದು ಬಂಡೆಯ ಮೇಲೆ ಹಾಸಿದ ಹಾಗೆ ನಾವೂ ಹಾಸ್ತೀವಿ ಸಾರ್" ಎಂದನಂತೆ. ಮನೆಯ ಹಿರಿಯರು ಸತ್ತ ಮೇಕೆಗೆ ವಿಷ ಸವರುವ ಆಲೋಚನೆಯಲ್ಲಿದ್ದರು. "ಬುದ್ಧಿ, ಇಂಥ ಪುಸ್ತಕಗಳನ್ನು ಬೀರುವಿನಿಂದ ತೆಗೆದುಬಿಡಲೇ?" ಎಂಬುದು ಉಪಾಧ್ಯಾಯರ ಪ್ರಶ್ನೆ.

ತೆಗೆಯಬೇಡಿ ಎಂದೆವು. ಆದರೆ ಬಾಯಿಮಾತಿನ ಉತ್ತರದಿಂದ ನಮಗೇ ಸಮಾಧಾನವಾಗಲಿಲ್ಲ. ಈ ಕಥೆಗಳ ಜೀವಾಳ ಮೂರು: ಅಪಾಯ, ನಿಷ್ಠೆ, ಪ್ರತೀಕಾರ. ಇವುಗಳಲ್ಲಿ ಯಾವುದು ಕಾಡಿನದು, ಯಾವುದು ಮನುಷ್ಯನದು ಎಂಬ ವಿವೇಚನೆ ಓದುಗನಲ್ಲಿ ಮೂಡಿದರೆ ಪುಸ್ತಕದಿಂದ ಹಾನಿಯಿಲ್ಲ. ಆ ವಿವೇಚನೆಗಾಗಿ ಈ ಲೇಖನ.

ರುಡ್‌ಯಾರ್ಡ್ ಕಿಪ್ಲಿಂಗನ ಮೋಗ್ಲಿಯ ಕಥೆಗಳು 1894 ಮತ್ತು 1895ರಲ್ಲಿ ಎರಡು ಸಂಪುಟಗಳಾಗಿ ಬಂದವು. ಇವುಗಳ ಶ್ರೇಷ್ಠ ಗುಣ ನಿಷ್ಠೆಯ ಚಿತ್ರಣ. ತೋಳಗಳ ಸಭೆಯಲ್ಲಿ ಮನುಷ್ಯನ ಕೂಸಿಗಾಗಿ ಬಘೀರಾ ಎಂಬ ಕರಿಚಿರತೆ ಒಂದು ಹೋರಿಯನ್ನು ಬೆಲೆಯಾಗಿ ತೆರುತ್ತದೆ. ಕೊನೆಯ ಕಥೆಯಲ್ಲಿ ಮೋಗ್ಲಿ ಕಾಡು ಬಿಟ್ಟು ಹೊರಡುವಾಗ, ಅವನ ಮೇಲೆ ಯಾವ ಋಣವೂ ಉಳಿಯದಿರಲೆಂದು ಅದೇ ಬಘೀರಾ ಇನ್ನೊಂದು ಹೋರಿಯನ್ನು ಕೊಂದು ಬರುತ್ತದೆ. ಕೊಟ್ಟದ್ದನ್ನು ಎತ್ತಿ ಆಡದೆ ಬಿಡುಗಡೆಯನ್ನೂ ತಾನೇ ಕೊಡುವ ಸ್ನೇಹವಿದು. ಕೆಂಪುನಾಯಿಗಳ ದಂಡು ಬಂದಾಗ ಮೋಗ್ಲಿ ಅವುಗಳನ್ನು ಕೆಣಕಿ, ಹೆಜ್ಜೇನಿನ ಕಣಿವೆಗೆ ಓಡಿಸಿ, ತಾನು ನದಿಗೆ ಹಾರುತ್ತಾನೆ. ಜೇನಿನಿಂದಲೇ ಹೆಸರು ಪಡೆದ ಮಧುಗಿರಿಯ ಬೆಟ್ಟವನ್ನು ನೋಡುತ್ತ ಬೆಳೆದವರಿಗೆ ಈ ಪ್ರಸಂಗದ ಭಯ ವಿವರಿಸಿ ಹೇಳಬೇಕಾದುದಲ್ಲ. ತನ್ನನ್ನು ಸಾಕಿದವರಿಗಾಗಿ ಪ್ರಾಣವನ್ನು ಪಣವಾಗಿ ಇಡುವ ಈ ಅಧ್ಯಾಯ ಮಕ್ಕಳ ಸಾಹಿತ್ಯದಲ್ಲಿ ಅಪೂರ್ವವಾದದ್ದು.

ಪ್ರತೀಕಾರದ ಮಾತು ಬಂದಾಗ ಮಾತ್ರ ಕಿಪ್ಲಿಂಗ್ ಎಡವುತ್ತಾನೆ. ಶೇರ್ ಖಾನ್ ಹುಲಿ ಹುಟ್ಟಿನಿಂದಲೇ ಕುಂಟು. ಹೆತ್ತ ತಾಯಿಯೇ ಅದನ್ನು ಕುಂಟನೆಂದು ಕರೆದಳು. ಆದ್ದರಿಂದಲೇ ಅದು ದನಗಳ ಮೇಲೆ ಬೀಳುತ್ತಿತ್ತು ಎಂದು ಮೊದಲ ಕಥೆಯಲ್ಲೇ ಹೇಳಿದೆ. ಕಾರಣವನ್ನು ತಾನೇ ಕೊಟ್ಟು ಲೇಖಕ ಬೇಗನೆ ಅದನ್ನು ಮರೆಯುತ್ತಾನೆ. ಮುಂದೆ ಅದು ಬರಿಯ ದುಷ್ಟ. ಎಮ್ಮೆಗಳ ಹಿಂಡು ತುಳಿದು ಕೊಂದಾಗ ನಮಗೆ ಹಿಗ್ಗಾಗಬೇಕು. ನಮ್ಮ ಮೇಕೆಯ ಬಾಲಕನಿಗೆ ಆದದ್ದೂ ಅದೇ ಹಿಗ್ಗು.

ಎರಡನೆಯ ಸಂಪುಟದ ಪ್ರತೀಕಾರ ಇನ್ನೂ ಗಂಭೀರವಾದದ್ದು. ಮೋಗ್ಲಿಗೆ ಅನ್ನವಿಟ್ಟ ಮೆಸ್ಸುವಾ ಎಂಬ ಹೆಂಗಸನ್ನು ಮಾಟಗಾತಿಯೆಂದು ಊರವರು ಕಟ್ಟಿಹಾಕಿ ಹಿಂಸಿಸುತ್ತಾರೆ. ಮೋಗ್ಲಿ ಆಕೆಯನ್ನು ಬಿಡಿಸಿ, ಹಾಥಿ ಎಂಬ ಆನೆಯನ್ನೂ ಅದರ ಮೂವರು ಮಕ್ಕಳನ್ನೂ ಕರೆದು ಆ ಊರನ್ನೇ ಕಾಡಾಗಿಸುತ್ತಾನೆ. ಪೈರು ಹೋಗುತ್ತದೆ, ಕಣಜ ಹೋಗುತ್ತದೆ, ಮಳೆಗಾಲದಲ್ಲಿ ಮನೆಗಳೂ ಕುಸಿಯುತ್ತವೆ. ರಕ್ತ ಹರಿಯಬಾರದೆಂಬ ಅವನ ಕಟ್ಟಳೆ ದೊಡ್ಡದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಊರು ಬಿಟ್ಟ ಮಕ್ಕಳು ಆ ಮಳೆಯ ರಾತ್ರಿ ಎಲ್ಲಿ ಮಲಗಿದವು? ಕಥೆ ಅದನ್ನು ಕೇಳುವುದೇ ಇಲ್ಲ. ಊರಿನವರೆಲ್ಲ ಮೂಢರು, ನ್ಯಾಯ ಬೇಕಾದರೆ ದೂರದ ಇಂಗ್ಲಿಷರ ಬಳಿಗೆ ಹೋಗಬೇಕು ಎಂಬ ಧೋರಣೆಯೂ ಈ ಕಥೆಯಲ್ಲಿದೆ. ಹಾಥಿಯ ಹಗೆಯೂ ಮನುಷ್ಯನದೇ ಹಗೆ. ಲೇಖಕ ಅದಕ್ಕೆ ಆನೆಯ ವೇಷ ತೊಡಿಸಿದ್ದಾನೆ, ಅಷ್ಟೆ.

ಕಲ್ಪನೆಯ ಕಾಡಿನಿಂದ ಕಂಡ ಕಾಡಿಗೆ ಬಂದರೆ ನೋಟ ಬದಲಾಗುತ್ತದೆ. ಜಿಮ್ ಕಾರ್ಬೆಟ್ 1944ರಲ್ಲಿ ಪ್ರಕಟವಾದ ಕುಮಾವೂನಿನ ನರಭಕ್ಷಕಗಳ ಪುಸ್ತಕದಲ್ಲಿ, ಹುಲಿ ನರಭಕ್ಷಕವಾಗುವುದು ಬಹುಮಟ್ಟಿಗೆ ಗಾಯದಿಂದ ಅಥವಾ ಮುಪ್ಪಿನಿಂದ ಎಂದು ವಿವರಿಸಿದ. ಆ ಗಾಯ ಅಜಾಗರೂಕ ಬೇಟೆಗಾರನ ಗುಂಡಿನದಾಗಿರಬಹುದು, ಮುಳ್ಳುಹಂದಿಯ ಮುಳ್ಳಿನದಾಗಿರಬಹುದು. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ದಕ್ಷಿಣದ ಕಾಡುಗಳನ್ನು ಕುರಿತು ಬರೆದ. 1954ರ ಅವನ ಮೊದಲ ಪುಸ್ತಕದಲ್ಲಿ, ಕೊರಟಗೆರೆಗೆ ಸಮೀಪದ ದೇವರಾಯನದುರ್ಗದ ಹುಲಿಯ ಕಥೆಯೂ ಸೇರಿದೆ. ಇವರಿಬ್ಬರನ್ನೂ ಕನ್ನಡದ ಮನೆಮನೆಗೆ ತಂದವರು ಪೂರ್ಣಚಂದ್ರ ತೇಜಸ್ವಿ (1938–2007). ಆಂಡರ್ಸನ್ ಅವರ ಕೈಯಲ್ಲಿ 'ಕಾಡಿನ ಕತೆಗಳು' ಆದ. ಕಾರ್ಬೆಟ್ಟನ ಪುಸ್ತಕ 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಆಯಿತು. ತೇಜಸ್ವಿಯವರದು ಪದಕ್ಕೆ ಪದವಿಡುವ ಅನುವಾದವಲ್ಲ. ಕಾಡನ್ನು ತಾವೇ ಸುತ್ತಿದವರ ಕನ್ನಡ ಅದು. ಅಪಾಯವನ್ನು ಉಬ್ಬಿಸಿ ಹೇಳುವ ಚಪಲ ಅದಕ್ಕಿಲ್ಲ.

ರುದ್ರಪ್ರಯಾಗದ ಚಿರತೆ 1918ರಿಂದ 1926ರವರೆಗೆ 125 ಜನರನ್ನು ಕೊಂದಿತೆಂದು ಲೆಕ್ಕ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಶವಗಳನ್ನು ಸುಡಲಾರದೆ ಕಣಿವೆಗೆ ಎಸೆದದ್ದೇ ಚಿರತೆಗೆ ನರಮಾಂಸದ ರುಚಿ ಹತ್ತಲು ಕಾರಣವೆಂದು ಕಾರ್ಬೆಟ್ ಊಹಿಸುತ್ತಾನೆ. ಅಲ್ಲಿಯ ಜನಕ್ಕೆ ಅದು ಮೃಗವಾಗಿರಲಿಲ್ಲ, ಪಿಶಾಚಿಯಾಗಿತ್ತು. ಇರುಳಿನಲ್ಲಿ ಚಿರತೆಯಾಗುವವನು ಇವನೇ ಎಂದು ಅವರು ಒಬ್ಬ ಸಾಧುವನ್ನು ಕಟ್ಟಿ ತಂದರು. ಅಧಿಕಾರಿಯೊಬ್ಬ ಸಮಯೋಚಿತವಾಗಿ ಅವನನ್ನು ಕಾವಲಿನಲ್ಲಿ ಇರಿಸಿದ. ಅವನು ಕಾವಲಿನಲ್ಲಿರುವಾಗಲೇ ಬೇರೆಡೆ ಚಿರತೆ ಮತ್ತೊಬ್ಬನನ್ನು ಒಯ್ದದ್ದರಿಂದ ಆ ಬಡಪಾಯಿ ಉಳಿದ. ಕಾವಿ ತೊಟ್ಟ ನಾವು ಈ ಪುಟವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು. ಹಗೆಗೆ ಒಂದು ದೇಹ ಬೇಕು. ತಪ್ಪಿತಸ್ಥ ಸಿಗದಿದ್ದರೆ ಅದು ಸಿಕ್ಕವನನ್ನೇ ಹಿಡಿಯುತ್ತದೆ. ಎಂಟು ವರ್ಷ ಜನ ನಡುಗಿದ ಆ ಪಿಶಾಚಿ ಸತ್ತು ಬಿದ್ದಾಗ ಕಾರ್ಬೆಟ್ ಕಂಡದ್ದು ಮುಪ್ಪಾದ ಒಂದು ಚಿರತೆಯನ್ನು. ಅದು ಮೀರಿದ್ದು ಮನುಷ್ಯನ ಕಟ್ಟಳೆಯನ್ನು, ಪ್ರಕೃತಿಯ ಕಟ್ಟಳೆಯನ್ನಲ್ಲ ಎನ್ನುತ್ತಾನೆ ಅವನು. ಕೊಲ್ಲುವುದು ಅನಿವಾರ್ಯವಾಗಿತ್ತು, ಕೊಂದ, ಆದರೆ ದ್ವೇಷಿಸಲಿಲ್ಲ. ಸಾಹಸಕಥೆ ಏರಬಹುದಾದ ಎತ್ತರವೆಂದರೆ ಇದೇ.

ನಮ್ಮ ನೆಲದ ಹಾಡುಗಳಿಗೆ ಈ ಮರ್ಮ ಮೊದಲೇ ತಿಳಿದಿತ್ತು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆಯಿದೆ. ಕಾಡುಗೊಲ್ಲರು ಉದ್ದನೆಯ ಬಿದಿರಿನ ಗಣೆಯೂದುತ್ತ ಈ ವೀರನ ಕಥೆಯನ್ನು ಹಾಡುತ್ತಾರೆ. ದನ ಕಾಯುವವನ ಬಾಳು ಕಾಡಿನ ನಡುವಿನದು. ಆದರೂ ಜುಂಜಪ್ಪನ ಪ್ರಾಣಕ್ಕೆ ಸಂಚು ಹೂಡುವವರು ಕಾಡಿನ ಮೃಗಗಳಲ್ಲ, ಸ್ವಂತ ಸೋದರಮಾವಂದಿರು. ಅವನಿಗೆ ನಿಷ್ಠೆಯಿಂದ ಉಳಿಯುವುದು ಬಡಮೈಲನೆಂಬ ಹೋರಿ. ನಿಷ್ಠೆಗೆ ಪಶು, ಹಗೆಗೆ ಬಂಧು! ಓದು ಬರಹವಿಲ್ಲದ ಹಟ್ಟಿಯ ಹಾಡುಗಾರರು ಕಿಪ್ಲಿಂಗನಿಗಿಂತ ನಿಖರವಾಗಿ ಈ ಗೆರೆ ಎಳೆದಿದ್ದಾರೆ.

ಪುಣ್ಯಕೋಟಿಯ ಹಾಡು ಪ್ರತೀಕಾರವನ್ನು ಸತ್ಯದಿಂದ ಕರಗಿಸುತ್ತದೆ. ಕೊಟ್ಟ ಮಾತಿಗೆ ಹಸು ಹಿಂದಿರುಗುತ್ತದೆ. ಹುಲಿಯ ಮನಸ್ಸು ತಿರುಗುತ್ತದೆ. ಆದರೆ ಅಭಿಮಾನದಿಂದ ಕಣ್ಣು ಮುಚ್ಚಬಾರದು. ಆ ಹಾಡಿನಲ್ಲಿಯೂ ಹುಲಿ ಪ್ರಾಣ ಬಿಡಬೇಕಾಯಿತು. ಹಸಿದದ್ದೊಂದೇ ಅದರ ತಪ್ಪು. ಒಳ್ಳೆಯದಾದ ಮೇಲೂ ಅದಕ್ಕೆ ಬದುಕುವ ದಾರಿ ಉಳಿಯಲಿಲ್ಲ. ಹಸುವೂ ಹುಲಿಯೂ ಉಳಿಯುವ ಕಥೆಯನ್ನು ನಾವು ಇನ್ನೂ ಕಟ್ಟಬೇಕಾಗಿದೆ.

ಆ ಕೆಲಸ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬರಿಯ ಸಾಹಿತ್ಯದ ಕೆಲಸವಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿ ಕಾಪಾಡಲಾಗಿದೆ. ಪಾವಗಡ, ಕೊರಟಗೆರೆಗಳ ಕಲ್ಲುಬೆಟ್ಟಗಳಲ್ಲಿ ಕರಡಿಯೂ ಚಿರತೆಯೂ ಇವೆ. ರೈತನ ಹೊಲ ಆ ಬೆಟ್ಟದ ಬುಡದಲ್ಲೇ ಇದೆ. ಮೇಕೆ ಕಳೆದುಕೊಂಡ ಮನೆಯ ದುಃಖ ಸಣ್ಣದಲ್ಲ. ಮೂರು ಮೇಕೆಯೆಂದರೆ ಒಂದು ವರ್ಷದ ಆಸರೆ. ಅವರಿಗೆ ಅರಣ್ಯ ಇಲಾಖೆಯಿಂದ ಬರಬೇಕಾದ ಪರಿಹಾರಕ್ಕೆ ಅರ್ಜಿ ಬರೆದುಕೊಡದೆ, ಕೊಟ್ಟಿಗೆಗೆ ಭದ್ರವಾದ ಬಾಗಿಲು ಮಾಡಿಸಲು ನೆರವಾಗದೆ, ಹಗೆ ಬೇಡವೆಂದು ಉಪದೇಶಿಸುವುದು ನಮಗೂ ಶೋಭೆಯಲ್ಲ. ವಿಷ ಸವರಿದ ಮಾಂಸವನ್ನು ಚಿರತೆಯೇ ತಿನ್ನುತ್ತದೆಂಬ ಭರವಸೆಯೂ ಇಲ್ಲ. ಮೊದಲು ಸಾಯುವುದು ಆ ಮನೆಯನ್ನು ಕಾಯುವ ನಾಯಿಯೇ ಆಗಬಹುದು.

ಉಪಾಧ್ಯಾಯರಿಗೆ ಈಗ ಬರೆದು ತಿಳಿಸುತ್ತಿರುವುದು ಇಷ್ಟು: ಮೋಗ್ಲಿಯ ಪುಸ್ತಕ ಬೀರುವಿನಲ್ಲಿರಲಿ, ಅದರ ಪಕ್ಕದಲ್ಲಿ ತೇಜಸ್ವಿಯವರ ಪುಸ್ತಕಗಳೂ ಇರಲಿ. ಕಳುವರಹಳ್ಳಿಯ ಕಡೆಯ ಗಣೆಗಾರರೊಬ್ಬರನ್ನು ಒಂದು ಸಂಜೆ ಶಾಲೆಗೆ ಕರೆಸಿ. ಆ ಮೊದಲು, ಮೇಕೆ ಕಳೆದುಕೊಂಡ ಬಾಲಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶೇರ್ ಖಾನನ ಕಥೆಯನ್ನು ಮೊದಲಿನಿಂದ ಓದಿಸಿ. ಕುಂಟುಗಾಲಿನ ಮಾತು ಬಂದಲ್ಲಿ ಸ್ವಲ್ಪ ನಿಲ್ಲಿಸಿ.