ರೋಮನ್ ಚಿನ್ನದ ನಾಣ್ಯಗಳ ಚಿತ್ರಗಳು: ಒಂದು ವಿಮರ್ಶೆ

ರೋಮನ್ ಚಿನ್ನವು ಕರ್ನಾಟಕಕ್ಕೆ ಹೇರಳವಾಗಿ ಹರಿದುಬಂದಿತೆಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಈ ಹೇಳಿಕೆಯನ್ನು ಒರೆಗೆ ಹಚ್ಚುವುದು ಅಗತ್ಯ. ಬೆಂಗಳೂರಿನ ಚಂದ್ರಾ ಲೇಔಟಿಗೆ ಹೆಚ್ಚು ದೂರವಲ್ಲದ ಯಶವಂತಪುರದಲ್ಲಿ 1891ರಲ್ಲಿ ದೊರೆತ 163 ನಾಣ್ಯಗಳು ಆಗಸ್ಟಸನಿಂದ ಕ್ಲಾಡಿಯಸನವರೆಗಿನವು, ಅವೆಲ್ಲವೂ ಬೆಳ್ಳಿಯವು. ಚಂದ್ರವಳ್ಳಿಯಲ್ಲಿ ಸಿಕ್ಕ ಆಗಸ್ಟಸ್ ಮತ್ತು ಟೈಬೀರಿಯಸರ ನಾಣ್ಯಗಳೂ ಬೆಳ್ಳಿಯವೇ. ಚಿನ್ನವನ್ನು ನೋಡಬೇಕಾದರೆ ಹಾನಗಲ್ ತಾಲೂಕಿನ ಅಕ್ಕಿಆಲೂರಿಗೆ ಹೋಗಬೇಕು.

ಅಲ್ಲಿಯ ನಿಧಿಯಲ್ಲಿ ಎರಡನೆಯ ಥಿಯೊಡೋಸಿಯಸನಿಂದ (402–450) ಒಂದನೆಯ ಜಸ್ಟಿನನವರೆಗಿನ (518–527) ಚಕ್ರವರ್ತಿಗಳ ಚಿನ್ನದ ನಾಣ್ಯಗಳಿವೆ, ಅನುಕರಣೆಗಳೂ ಇವೆ. ಇದು ಕಾನ್‌ಸ್ಟಾಂಟಿನೋಪಲಿನ ಚಿನ್ನ. ನಮ್ಮಲ್ಲಿ ಅದು ಬನವಾಸಿಯ ಕದಂಬರ ಕಾಲ. ಈ ಯುಗದ ನಾಣ್ಯಗಳ ಮುಂಬದಿಯಲ್ಲಿ ಸಾಮಾನ್ಯವಾಗಿ ಶಿರಸ್ತ್ರಾಣ ತೊಟ್ಟು, ಈಟಿ ಗುರಾಣಿ ಹಿಡಿದ ಚಕ್ರವರ್ತಿ. ಹಿಂಬದಿಯಲ್ಲಿ ಉದ್ದನೆಯ ಶಿಲುಬೆ ಹಿಡಿದ, ರೆಕ್ಕೆಯುಳ್ಳ ವಿಜಯದೇವತೆ. ದಕ್ಷಿಣ ಭಾರತದ ಇಂಥ ಹಲವು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ರಂಧ್ರಗಳಿವೆ.

ರಂಧ್ರವಿದ್ದರೆ ಆಭರಣವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆಭರಣವೆಂಬುದು ಒಪ್ಪತಕ್ಕ ಮಾತೇ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯದು. ಒಂದೇ ರಂಧ್ರವಿದ್ದರೆ ನಾಣ್ಯ ದಾರದಲ್ಲಿ ತಿರುಗೀತು; ಎರಡಿದ್ದರೆ ಮುಖ ಎದುರಾಗಿಯೇ ನಿಲ್ಲುತ್ತದೆ. ಧರಿಸಿದವರಿಗೆ ಚಿತ್ರದ ಮೇಲು ಕೆಳಗು, ಮುಂಬದಿ ಹಿಂಬದಿಗಳ ಅರಿವಿತ್ತು. ಅನುಕರಣೆಗಳಲ್ಲಿ ಬರಹವು ಅರ್ಥವಿಲ್ಲದ ಗೀಟುಗಳಾಗುವುದುಂಟು. ಮುಖವು ಮಾತ್ರ ಉಳಿಯುತ್ತದೆ. ಚಿನ್ನದ ತೂಕವೊಂದೇ ಬೇಕಾಗಿದ್ದರೆ ಅಕ್ಕಸಾಲಿಗನು ಆ ಮುಖವನ್ನು ಶ್ರಮಪಟ್ಟು ಏಕೆ ಮೂಡಿಸಬೇಕಾಗಿತ್ತು?

ಹಾಗೆಂದು ಇದನ್ನು ರಾಜಭಕ್ತಿಯೆಂದೂ ಕರೆಯಲಾಗದು. ಪುದುಕ್ಕೋಟ್ಟೈಯಲ್ಲಿ 1898ರಲ್ಲಿ ಪ್ರಕಟವಾದ 501 ಚಿನ್ನದ ನಾಣ್ಯಗಳ ಬಹುಭಾಗದಲ್ಲಿ ಚಕ್ರವರ್ತಿಯ ತಲೆಯ ಮೇಲೆ ಉಳಿಯ ಕಚ್ಚು ಬಿದ್ದಿದೆ. ಅದನ್ನು ದ್ವೇಷವೆನ್ನುವುದಕ್ಕಿಂತ ನಾಣ್ಯವನ್ನು ಚಲಾವಣೆಯಿಂದ ತೆಗೆದುಹಾಕಿದ ಗುರುತೆನ್ನುವುದು ಹೆಚ್ಚು ಯುಕ್ತ. ಕಚ್ಚು ದ್ವೇಷಕ್ಕೆ ಸಾಕ್ಷಿಯಲ್ಲದಿದ್ದರೆ ರಂಧ್ರವೂ ಭಕ್ತಿಗೆ ಸಾಕ್ಷಿಯಲ್ಲ. ಎರಡೂ ತಿಳಿಸುವುದು ಇಷ್ಟೇ: ರೋಮಿನಲ್ಲಿ ಅಧಿಕಾರವನ್ನು ಸಾರಿದ ಮುಖವು ಇಲ್ಲಿ ಬೇರೆ ಬಗೆಯ ಬೆಲೆಯನ್ನು ಪಡೆಯಿತು.

ನಮ್ಮ ನಾಣ್ಯಸೂಚಿಗಳು ಚಕ್ರವರ್ತಿಯ ಹೆಸರನ್ನೂ ತೂಕವನ್ನೂ ಬರೆದು ತೃಪ್ತಿಪಡಬಾರದು. ರಂಧ್ರ ಎಷ್ಟು, ಯಾವ ಬದಿಯಿಂದ ಕೊರೆದದ್ದು, ಮುಖದಿಂದ ಎಷ್ಟು ದೂರ ಎಂಬುದನ್ನೂ ದಾಖಲಿಸಬೇಕು. ಟಂಕಸಾಲೆಯ ಚರಿತ್ರೆ ಅಚ್ಚಿನಲ್ಲಿದೆ. ಕನ್ನಡನಾಡಿನಲ್ಲಿ ಆ ನಾಣ್ಯವನ್ನು ಬಳಸಿದವರ ಚರಿತ್ರೆ ಈ ರಂಧ್ರಗಳಲ್ಲಿದೆ.