ಅಲ್ಪವಿಕಿರಣವೂ ಅತಿಭಯವೂ

ವಾಕ್ಯದೊಳಗಣ ಒಂದು ವಿಶೇಷಣವನ್ನು ಬಿಟ್ಟು ಓದಿದರೆ ಅರ್ಥವು ಕೆಡುವುದೆಂಬುದು ಸಾಹಿತ್ಯಪಾಠ ಹೇಳುವವರಿಗೆಲ್ಲ ತಿಳಿದ ಸಂಗತಿ. ಅದರಿಂದ ಪ್ರಾಣಹಾನಿಯೂ ಒದಗಬಹುದೆಂಬುದಕ್ಕೆ ವಿಕಿರಣರಕ್ಷಣೆಯ ಸೂತ್ರವೇ ನಿದರ್ಶನ. ಅಂತಾರಾಷ್ಟ್ರೀಯ ವಿಕಿರಣರಕ್ಷಣಾ ಆಯೋಗವು 1977ರಿಂದ ಹೇಳುತ್ತ ಬಂದಿರುವ ಆ ಸೂತ್ರದ ತಾತ್ಪರ್ಯವಿಷ್ಟು: ಆರ್ಥಿಕ ಸಾಮಾಜಿಕ ವಿಷಯಗಳನ್ನೂ ಗಣಿಸಿ, ಜನರು ವಿಕಿರಣಕ್ಕೆ ಒಳಗಾಗುವುದನ್ನು ಯುಕ್ತವಾದಷ್ಟು ತಗ್ಗಿಸತಕ್ಕದ್ದು. ಇಲ್ಲಿ ‘ಯುಕ್ತವಾದಷ್ಟು’ ಎಂಬುದೇ ಪ್ರಾಣಪದ. ಆಚರಣೆಯಲ್ಲಾದರೋ ಅದು ಲುಪ್ತವಾಗಿ, ‘ತಗ್ಗಿಸತಕ್ಕದ್ದು’ ಎಂಬುದೊಂದೇ ಅನೇಕವೇಳೆ ಉಳಿಯುವುದು.

ಈ ಸೂತ್ರಕ್ಕೆ ಆಧಾರವಾದ ಊಹೆಯನ್ನೂ ವಿಚಾರಿಸೋಣ. 1945ರಲ್ಲಿ ಹಿರೋಷಿಮಾ ನಾಗಸಾಕಿಗಳಲ್ಲಿ ಬದುಕಿ ಉಳಿದವರ ಪರೀಕ್ಷೆಯಿಂದ, ವಿಕಿರಣದ ಪ್ರಮಾಣ ಏರಿದಂತೆ ಅರ್ಬುದರೋಗವೂ ಏರುವುದೆಂದು ಸಿದ್ಧವಾಯಿತು. ಆ ರೇಖೆಯನ್ನೇ ಸೊನ್ನೆಯವರೆಗೆ ಎಳೆದುದು ಊಹೆ. 100 ಮಿಲಿಸೀವರ್ಟಿಗಿಂತ ಕೆಳಗೆ, ವಿಕಿರಣದಿಂದಾದ ರೋಗವನ್ನು ಸಹಜವಾಗಿ ಬರುವುದರಿಂದ ಬೇರ್ಪಡಿಸಿ ತೋರಿಸುವುದು ಬಹು ಕಷ್ಟ. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಲ್ಲುತ್ತದೆ. ಈ ಊಹೆಯು ವಿವೇಕಕ್ಕಾಗಿ ಕೈಕೊಂಡುದೆಂದೂ, ಅತ್ಯಲ್ಪ ಪ್ರಮಾಣವನ್ನು ದೊಡ್ಡ ಜನಸಂಖ್ಯೆಯಿಂದ ಗುಣಿಸಿ ಮರಣಗಳನ್ನು ಎಣಿಸುವುದು ಸಲ್ಲದೆಂದೂ ಆಯೋಗವೇ 2007ರಲ್ಲಿ ಸ್ಪಷ್ಟಪಡಿಸಿದೆ.

ಜಪಾನಿನ ಫುಕುಷಿಮಾದಲ್ಲಿ 2011ರ ಮಾರ್ಚಿಯಲ್ಲಿ ನಡೆದುದನ್ನು ನೋಡಿರಿ. ಸ್ಥಾವರದ ಗತಿಯೇನಾಗುವುದೋ ತಿಳಿಯದಾಗ ಜನರನ್ನು ತೆರವುಗೊಳಿಸಿದುದು ತಪ್ಪೆನ್ನಲಾಗದು. ಆದರೆ ಹಾಸಿಗೆ ಹಿಡಿದ ರೋಗಿಗಳನ್ನೂ ವೃದ್ಧರನ್ನೂ ತಕ್ಕ ಶುಶ್ರೂಷೆಯಿಲ್ಲದೆ ಸಾಗಿಸಿದುದರಿಂದ, ಹಾದಿಯಲ್ಲಿಯೂ ಅನಂತರದ ಕೆಲವು ದಿನಗಳಲ್ಲಿಯೂ 50ಕ್ಕೂ ಹೆಚ್ಚು ಮಂದಿ ಮೃತರಾದರು. ದುರಂತದ ಬವಣೆಯಿಂದ ಮುಂದೆ ತೀರಿಕೊಂಡವರೆಂದು ಆ ಪ್ರಾಂತದಲ್ಲಿ ಗಣಿಸಲ್ಪಟ್ಟವರು 2,300ಕ್ಕೂ ಅಧಿಕ. ಇವೆಲ್ಲವನ್ನೂ ಸ್ಥಳಾಂತರವೊಂದರ ಮೇಲೆಯೇ ಹೊರಿಸಲಾಗದು, ನಿಜ. ಆದರೂ ವಿಕಿರಣದಿಂದಲೇ ಉಂಟಾಯಿತೆನ್ನಬಹುದಾದ ಅನಾರೋಗ್ಯವು ಅಲ್ಲಿಯ ನಿವಾಸಿಗಳಲ್ಲಿ ಕಂಡುಬಂದಿಲ್ಲವೆಂದು ಸಂಯುಕ್ತ ರಾಷ್ಟ್ರಗಳ ವಿಜ್ಞಾನಸಮಿತಿಯು 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ.

ಹಾಗಾದರೆ ಅಲ್ಪವಿಕಿರಣವು ನಿರಪಾಯವೋ? ಹಾಗೆನ್ನುವುದೂ ಅವಸರದ ಮಾತು. ಫ್ರಾನ್ಸ್, ಬ್ರಿಟನ್, ಅಮೆರಿಕಗಳ ಸುಮಾರು 3 ಲಕ್ಷ ಪರಮಾಣು ಕಾರ್ಮಿಕರನ್ನು ಕುರಿತು 2023ರಲ್ಲಿ ಹೊರಬಂದ ಅಧ್ಯಯನವು, ಅಲ್ಪಪ್ರಮಾಣದಲ್ಲಿಯೂ ಅಪಾಯವು ಕೊಂಚ ಏರುವುದೆಂಬ ಪಕ್ಷವನ್ನೇ ಪುಷ್ಟೀಕರಿಸಿದೆ. ಆದುದರಿಂದ ಊಹೆಯನ್ನು ತ್ಯಜಿಸಬೇಕೆಂಬುದು ನಮ್ಮ ವಾದವಲ್ಲ. ವಿಕಿರಣದ ಕೇಡನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟವರು, ರಕ್ಷಣೆಯ ಕೇಡನ್ನು ಇನ್ನೊಂದರಲ್ಲಿಟ್ಟು ತೂಗಲೇಬೇಕು. ಹಾಗೆ ತೂಗಿರೆಂಬುದೇ ಆ ಬಿಟ್ಟುಹೋದ ಪದದ ಅರ್ಥ.