ಮನೆಮಗಳಾಗುವ ಅರ್ಹತೆ ಯಾರಿಗೆ?

ಅನಾಥ ಮಗುವನ್ನು ಮನೆಗೆ ಸೇರಿಸಿಕೊಳ್ಳುವ ಕತೆ ಅಂದ ಕೂಡಲೇ ನಮ್ಮ ವಿಮರ್ಶೆ ಕರಗಿಬಿಡುತ್ತದೆ. ಮಾನವೀಯತೆ, ವಾತ್ಸಲ್ಯ ಎಂಬ ಮಾತುಗಳು ತಾವಾಗಿಯೇ ಬಂದು ಕೂರುತ್ತವೆ. ಎಲ್. ಎಂ. ಮಾಂಟ್ಗೊಮೆರಿ 1908ರಲ್ಲಿ ಪ್ರಕಟಿಸಿದ 'ಆನ್ ಆಫ್ ಗ್ರೀನ್ ಗೇಬಲ್ಸ್' ಕಾದಂಬರಿಯನ್ನೂ ಹೆಚ್ಚಾಗಿ ಹೀಗೇ ಓದಲಾಗಿದೆ. ಇಂಥ ಕಡೆ ದಲಿತ ವಿಮರ್ಶೆ ಒಂದು ಒರಟು ಪ್ರಶ್ನೆ ಕೇಳಬೇಕು: ಬಾಗಿಲು ಯಾರಿಗೆ ತೆರೆಯಿತು, ಯಾವ ಲೆಕ್ಕದ ಮೇಲೆ ತೆರೆಯಿತು?

ಕತೆ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ್ದು. ಮ್ಯಾಥ್ಯೂ ಮತ್ತು ಮರಿಲ್ಲಾ ಮದುವೆಯಾಗದ ಅಣ್ಣ-ತಂಗಿ, ಬೇಸಾಯದವರು. ಮ್ಯಾಥ್ಯೂಗೆ ಅರವತ್ತು, ಹೃದಯದ ಕಾಯಿಲೆ. ಹೊಲದ ಕೆಲಸಕ್ಕೆ ಒಂದು ಕೈ ಇರಲಿ ಅಂತ ಅನಾಥಾಲಯದಿಂದ ಹುಡುಗನನ್ನು ತರಿಸುತ್ತಾರೆ. ತಪ್ಪಿ ಬಂದವಳು ಹನ್ನೊಂದು ವರ್ಷದ ಆನ್. ಅಂದರೆ ಆ ಮನೆಯಲ್ಲಿ ಮೊದಲು ಜಾಗ ಸಿದ್ಧವಾಗಿದ್ದು ದುಡಿಮೆಗೆ, ಮಗುವಿಗಲ್ಲ. ಆನ್‌ಗೆ ಇದು ಹೊಸದೇನಲ್ಲ. ಹಿಂದಿನ ಎರಡು ಮನೆಗಳಲ್ಲೂ ಕಂಡವರ ಮಕ್ಕಳನ್ನು ಎತ್ತಿ ಆಡಿಸಿಯೇ ಅನ್ನ ಉಂಡವಳು. ಲೇಖಕಿ ಇದನ್ನು ಮುಚ್ಚಿಡುವುದಿಲ್ಲ. ಎರಡು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡು ಅಜ್ಜ-ಅಜ್ಜಿಯ ಹೊಲಮನೆಯಲ್ಲಿ ಬೆಳೆದ ಮಾಂಟ್ಗೊಮೆರಿಗೆ ಹಂಗಿನ ನೋವು ತಿಳಿದಿದ್ದಿರಬೇಕು. ಕೂದಲಿನ ಬಣ್ಣ ಹಿಡಿದು ಹೀಯಾಳಿಸಿದ ನೆರೆಯಾಕೆಯ ಎದುರು ಆನ್ ಸಿಡಿದು ನಿಲ್ಲುವ ಜಾಗದಲ್ಲಿ ಸ್ವಾಭಿಮಾನದ ನಿಜವಾದ ಕಿಡಿ ಇದೆ. ಅದನ್ನು ನಾನು ಮೆಚ್ಚುತ್ತೇನೆ.

ಆದರೆ ಮರಿಲ್ಲಾಳ ಮನಸ್ಸು ಕರಗುವುದು ಯಾವಾಗ? ಹುಡುಗಿಯ ತಂದೆ-ತಾಯಿ ಇಬ್ಬರೂ ಶಾಲಾ ಶಿಕ್ಷಕರಾಗಿದ್ದರು ಅಂತ ತಿಳಿದಾಗ. ಒಳ್ಳೆಯ ಮನೆತನದ ಮಗು ಇರಬೇಕು ಅಂತ ಆಕೆ ಲೆಕ್ಕ ಹಾಕುತ್ತಾಳೆ. ಕರುಣೆಯೂ ಹುಟ್ಟಿನ ಸುಂಕ ಕಟ್ಟಿಯೇ ದಾಟಬೇಕು. ಇಂಗ್ಲೆಂಡಿನಿಂದ ಹಡಗು ತುಂಬಿಸಿ ಕಳಿಸುತ್ತಿದ್ದ ಬಡಮಕ್ಕಳು ಆಕೆಗೆ ಮೊದಲೇ ಬೇಡವಾಗಿದ್ದರು. 1869ರಿಂದಾಚೆಗೆ ಹಾಗೆ ಕೆನಡಾಕ್ಕೆ ಬಂದು ಹೊಲಮನೆಗಳಲ್ಲಿ ದುಡಿದ ಮಕ್ಕಳು ಸುಮಾರು ಒಂದು ಲಕ್ಷ.

ಇನ್ನೂ ಮುಖ್ಯವಾದದ್ದು ಜೆರ್ರಿ ಬ್ಯೂಟ್ ಎಂಬ ಕೂಲಿ ಹುಡುಗ. ಹುಡುಗಿ ಇರಲಿ, ಹೊಲಕ್ಕೆ ಒಬ್ಬ ಫ್ರೆಂಚ್ ಹುಡುಗನನ್ನು ಇಟ್ಕೊಂಡರಾಯ್ತು ಎಂಬುದು ಮ್ಯಾಥ್ಯೂನ ಪರಿಹಾರ. ಫ್ರೆಂಚ್ ಹುಡುಗರು ದಡ್ಡರು, ಕೆಲಸ ಕಲಿಸಿದ ಮೇಲೆ ನಿಲ್ಲೋದಿಲ್ಲ ಎಂಬುದು ಮರಿಲ್ಲಾಳ ತೀರ್ಮಾನ. ಬ್ರಿಟಿಷರು 1758ರಲ್ಲಿ ಈ ದ್ವೀಪದಿಂದ ಒಕ್ಕಲೆಬ್ಬಿಸಿದ್ದು ಅಕೇಡಿಯನ್ ಎಂಬ ಇದೇ ಫ್ರೆಂಚ್ ಜನರನ್ನು. ಆನ್ ಶಾಲೆಗೆ ಹೋಗಿ ಶಿಷ್ಯವೇತನ ಗೆಲ್ಲುತ್ತಾಳೆ, ಅವಳು ಮಾಡಬೇಕಿದ್ದ ಹೊಲದ ಕೆಲಸ ಜೆರ್ರಿಯ ಹೆಗಲಿಗೆ ಬೀಳುತ್ತದೆ. ಅವನ ಓದು, ಕನಸು, ಕಲ್ಪನೆಗಳ ಬಗ್ಗೆ ಕಾದಂಬರಿಗೆ ಕುತೂಹಲವೇ ಇಲ್ಲ. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲು-ಕೀಳಾಗಿ ಒಡೆಯುತ್ತದೆ ಎಂದು ಅಂಬೇಡ್ಕರ್ 1936ರಲ್ಲಿ ತೋರಿಸಿದ್ದರು. ಅಲ್ಲಿ ಜಾತಿಯಿಲ್ಲ ನಿಜ, ಆದರೆ ಒಡೆಯುವ ಕೈ ನಮಗೆ ಗುರುತು ಸಿಗದ್ದೇನಲ್ಲ.

ದ್ವೀಪದ ಮೂಲನಿವಾಸಿಗಳಾದ ಮಿಕ್ಮಾಕ್ ಜನರಂತೂ ಕಾದಂಬರಿಯ ಊರಲ್ಲೇ ಇಲ್ಲ. ಅವರ ಮಕ್ಕಳಿಗೆ ತಂದೆ-ತಾಯಿ ಇದ್ದರು. ಪ್ರಭುತ್ವ ಮತ್ತು ಚರ್ಚು ಸೇರಿ ಅವರನ್ನು ಅನಾಥರನ್ನಾಗಿ ಮಾಡಿದವು. ನೆರೆಯ ನೋವಾ ಸ್ಕೋಷಿಯಾದ ಶುಬೆನಾಕಡಿ ವಸತಿಶಾಲೆ 1930ರಿಂದ 1967ರವರೆಗೆ ನಡೆಯಿತು. ಮನೆಭಾಷೆ ಆಡಿದ್ದಕ್ಕೆ ಅಲ್ಲಿ ಮಕ್ಕಳಿಗೆ ಪೆಟ್ಟು ಬೀಳುತ್ತಿತ್ತು. ಇಂಥ ಶಾಲೆಗಳಿಗಾಗಿ ಕೆನಡಾ ಸರ್ಕಾರ 2008ರಲ್ಲಿ ಕ್ಷಮೆ ಕೇಳಿತು. 2017ರಿಂದ 2019ರವರೆಗೆ ಬಂದ 'ಆನ್ ವಿತ್ ಆನ್ ಇ' ಧಾರಾವಾಹಿ ವಸತಿಶಾಲೆಗೆ ಸೇರಿದ ಒಬ್ಬ ಮಿಕ್ಮಾಕ್ ಹುಡುಗಿಯನ್ನು ಕತೆಯೊಳಕ್ಕೆ ತಂದಿತು. ಕಾದಂಬರಿಯ ಮೌನವನ್ನು ಯಾರೋ ಕೇಳಿಸಿಕೊಂಡರು ಅನ್ನೋಣ.

ಹಾಗಾದರೆ ಈ ಪುಸ್ತಕವನ್ನು ಎಸೆಯಬೇಕೆ? ಬೇಡ. 'ನಮ್ಮನೆ ಮಗನ ಹಾಗೇ ನೋಡ್ಕೊಂಡ್ವಿ' ಅಂತ ಜೀತದ ಹುಡುಗನ ಬಗ್ಗೆ ಹೇಳುವ ಒಡೆಯರ ಮಾತು ನಮಗೆ ಗೊತ್ತು. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು, ಆ ಮಾತನ್ನು ರದ್ದು ಮಾಡಲಿಲ್ಲ. ಮನೆಮಗ ಅಂದವರು ಪಾಲು ಕೊಟ್ಟರೆ? ಜೊತೆಗೆ ಕೂರಿಸಿ ಉಂಡರೆ? ಶಾಲೆಗೆ ಕಳಿಸಿದರೆ? ಆನ್‌ಗೆ ಇವೆಲ್ಲ ದಕ್ಕಿದವು, ಅದಕ್ಕೇ ಅವಳು ನಿಜವಾಗಿಯೂ ಮನೆಮಗಳು. ಅವಳಿಗೆ ದಕ್ಕಿದ್ದು ಕಮ್ಮಿಯಾಗಲಿ ಅಂತ ನಾನು ಹೇಳುತ್ತಿಲ್ಲ. ಜೆರ್ರಿಗೂ ದಕ್ಕಬೇಕಿತ್ತು, ಅದೂ ಯಾರ ಮಗ ಅಂತ ಕೇಳದೆ.